ಸೂರಿಗಿಂತ ಎತ್ತರದ ಕಂಬ

ಕಳೆದ ವಾರ ಪರ್ತ್ ಸಿಟಿಯ ಅಡುಗೆ ಸಾಮಾನಿನ ಅಂಗಡಿಯೊಂದರಲ್ಲಿ ತರಕಾರಿ ಹೆಚ್ಚುವ ಮಣೆಯನ್ನು ಕೈಗೆತ್ತಿಕೊಂಡೆ. ಕೆನೆ ಬಣ್ಣದ, ತುಂಬ ಹಗುರವಾದ ಮಣೆ. ಮೂಗಿನ ಹತ್ತಿರ ತಂದಾಗ ನಿಂಬೆ ಎಲೆಯನ್ನೂ ಕರ್ಪೂರವನ್ನೂ ಒಟ್ಟಿಗೆ ಹಿಸುಕಿದಂಥ ವಾಸನೆ ಬಂತು. ಹಿನೋಕಿ ಎನ್ನುವ ಜಪಾನಿನ ಮರ ಅದು. ಆ ವಾಸನೆಯ ಬೆನ್ನಿಗೇ ಒಂದು ದನಿಯೂ ಬಂತು.

"ಮೂಸಿ ನೋಡೇ ಇದನ್ನ. ಇದು ಗಂಡಸರು ಹಾಕ್ಕೊಳೋ ಸೆಂಟಾ, ಹೆಂಗಸರು ಹಾಕ್ಕೊಳೋದಾ?"

ಆಂಟಿಯ ದನಿ. ಕೈಯಲ್ಲಿ ಗಂಡನ ತಿಳಿನೀಲಿ ಅಂಗಿ ಹಿಡಿದುಕೊಂಡು ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ನಿಂತಿದ್ದರು...

ಗಣಿಗಳ ಭರಾಟೆ ಇಳಿಯುತ್ತಿದ್ದ ವರ್ಷಗಳವು. ಭೂವಿಜ್ಞಾನಿಯಾಗಿ ಗಣಿಯ ಕ್ಯಾಂಪಿನಲ್ಲಿದ್ದ ನನ್ನನ್ನು ಕಂಪನಿಯವರು ಪರ್ತ್‌ನ ಲ್ಯಾಬಿಗೆ ಕಳಿಸಿದ್ದರು. ನೆಲದಾಳದಿಂದ ಕೊರೆದು ತೆಗೆದ ಕಲ್ಲಿನ ದಿಂಡುಗಳನ್ನು ದಿನವಿಡೀ ಅಳೆದು ಗುರುತು ಹಾಕುವುದು ನನ್ನ ಕೆಲಸ. ಕ್ಯಾನಿಂಗ್ಟನ್ ಎಂಬ ಬಡಾವಣೆಯಲ್ಲಿ ಮೈಸೂರಿನ ಕಡೆಯ ದಂಪತಿಗಳ ಮನೆಯ ಹಿತ್ತಲಿನಲ್ಲಿ ಒಂದು ಪುಟ್ಟ ಔಟ್‌ಹೌಸ್ ಬಾಡಿಗೆಗೆ ಸಿಕ್ಕಿತು. ಅಂಕಲ್ ಕಬ್ಬಿಣದ ಅದಿರಿನ ಗಣಿಗಳಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಆಂಟಿ ಒಂದು ಕಾಲಕ್ಕೆ ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು.

ಆಂಟಿ ಯಾವುದನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ನಾನು ಮನೆ ನೋಡಲು ಹೋದ ದಿನ, ಲ್ಯಾಬಿನಲ್ಲಿ ಕೆಲಸ ಎಂದರೆ ಏನು ಕೆಲಸ, ಅಷ್ಟು ಕಲ್ಲು ಇಟ್ಟುಕೊಂಡು ಅವರೇನು ಮಾಡುತ್ತಾರೆ, ಮದುವೆ ಯಾಕಾಗಿಲ್ಲ, ಆಗಿ ಮುರಿದಿದೆಯೋ ಎಂದೆಲ್ಲ ಕೇಳಿದ್ದರು. ಪ್ಲಂಬರ್ ಬಂದರೆ ಅವನು ನಲ್ಲಿ ಬಿಚ್ಚಿ ಮತ್ತೆ ಹಾಕುವವರೆಗೂ ಪಕ್ಕದಲ್ಲೇ ನಿಲ್ಲುವರು. ಅಂಗಡಿಯ ತುಪ್ಪವನ್ನು ಅಂಗೈಗೆ ತಿಕ್ಕಿ ಮೂಸಿ ನೋಡಿ "ಏನೋ ಬೆರೆಸಿದ್ದಾರೆ" ಅನ್ನುವರು. ನಾನು ಅರ್ಧ ಗಂಟೆ ತಡವಾಗಿ ಬಂದರೆ ಅಡುಗೆಮನೆಯ ಕಿಟಕಿಯ ಪರದೆ ಸರಿಯುತ್ತಿತ್ತು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಆ ಪರದೆ ಸರಿಯದಿದ್ದರೆ ಮೈ ಹುಷಾರಿಲ್ಲವೇನೋ ಎಂದು ನಾನೇ ಹೋಗಿ ವಿಚಾರಿಸುವಂತಾಯಿತು.

ಅಂಕಲ್ ಇದಕ್ಕೆ ಪೂರ್ತಿ ವಿರುದ್ಧ. ಎತ್ತರದ, ಮೆತ್ತನೆ ಮಾತಿನ ಮನುಷ್ಯ. ಯಾರು ಏನು ಹೇಳಿದರೂ "ಹೌದಾ, ಸರಿ" ಎಂದುಬಿಡುತ್ತಿದ್ದರು.

ಮನೆಯ ಹಿಂಭಾಗದಲ್ಲಿ ಒಂದು ಕೋಣೆ ಯಾವಾಗಲೂ ಮುಚ್ಚಿರುತ್ತಿತ್ತು. ಅದು ಯಾರದು ಎಂದು ಒಮ್ಮೆ ಕೇಳಿದೆ. ಆಂಟಿ ಕೊತ್ತಂಬರಿ ಸೊಪ್ಪು ಬಿಡಿಸುತ್ತ, ತಲೆ ಎತ್ತದೆ, "ಒಬ್ಬಳು ಮಗಳಿದ್ದಳು" ಎಂದರು. ಇದ್ದಳು... ಮಗು ತೀರಿಕೊಂಡಿರಬೇಕು ಎಂದುಕೊಂಡು ನಾನು ಮತ್ತೆಂದೂ ಆ ಮಾತು ಎತ್ತಲಿಲ್ಲ.

ಅಂಕಲ್ ಕೆಲಸದಲ್ಲಿದ್ದಾಗ ಅದಿರು ಕೊಳ್ಳುವವರನ್ನು ಕಾಣಲು ಆಗಾಗ ಜಪಾನಿಗೆ ಹೋಗುತ್ತಿದ್ದರಂತೆ. ಒಮ್ಮೆ ಯಾರದೋ ಮನೆಯಲ್ಲಿ ಉಳಿದಾಗ ಅತಿಥಿಗಳನ್ನು ಕೂರಿಸುವ ಕೋಣೆಯಲ್ಲಿ ಒಂದು ಗೂಡು ನೋಡಿದ್ದರು. ಗೋಡೆಯೊಳಕ್ಕೆ ಸರಿದ, ಆಳು ನಿಲ್ಲುವಷ್ಟು ಜಾಗ. ಕೆಳಗೆ ನೆಲದಿಂದ ತುಸು ಎತ್ತರಿಸಿದ ಮರದ ಹಾಸು, ಪಕ್ಕದಲ್ಲಿ ನೆಲದಿಂದ ಸೂರಿನವರೆಗೆ ಒಂದು ಕಂಬ, ಒಳಗೆ ಉದ್ದಕ್ಕೆ ಇಳಿಬಿಟ್ಟ ಒಂದು ಚಿತ್ರ, ಒಂದು ಹೂವು. ಅಷ್ಟೇ. ಅದಕ್ಕೆ ಟೋಕೊನೊಮ ಎಂದು ಹೆಸರು. ನಿವೃತ್ತರಾದ ಮೇಲೆ ಅಂಥದ್ದೊಂದನ್ನು ತಾವೇ ಕಟ್ಟಬೇಕು ಎಂದು ಅವರ ತಲೆಗೆ ಬಂತು. ಬ್ರಿಸ್ಬೇನ್‌ನಲ್ಲಿ ವಯಸ್ಸಾದ ಜಪಾನಿ ಬಡಗಿಯೊಬ್ಬರು ವಾರದ ಕೊನೆಯಲ್ಲಿ ಕಲಿಸುತ್ತಾರೆಂದು ತಿಳಿದು ತಿಂಗಳಿಗೊಮ್ಮೆ ವಿಮಾನ ಹತ್ತತೊಡಗಿದರು. ದೇಶದ ಈ ತುದಿಯಿಂದ ಆ ತುದಿಗೆ.

"ಪರ್ತ್‌ನಲ್ಲಿ ಮರ ಕೊಯ್ಯೋರು ಯಾರೂ ಇಲ್ವಂತಾ? ಬ್ರಿಸ್ಬೇನ್‌ಗೇ ಹೋಗ್ಬೇಕಾ?" ಎಂದು ಆಂಟಿ ನನ್ನನ್ನು ಕೇಳಿದರು. ಗಂಡನನ್ನು ಕೇಳಲಿಲ್ಲ. ಗಂಡನ ಮೇಲಿನ ಅನುಮಾನವನ್ನೆಲ್ಲ ಅವರು ನನ್ನ ಹತ್ತಿರ ತಂದಿಡುತ್ತಿದ್ದರು.

ಗ್ಯಾರೇಜಿನಿಂದ ಕಾರು ಹೊರಗೆ ಬಂತು, ಮರದ ಹಲಗೆಗಳು ಒಳಗೆ ಹೋದವು. ನೀರಲ್ಲಿ ನೆನೆಸಿದ ಸಾಣೆಕಲ್ಲುಗಳು, ಥರಾವರಿ ಉಳಿಗಳು. ಜಪಾನಿ ಗರಗಸ ನಮ್ಮದರಂತೆ ತಳ್ಳಿದಾಗ ಕೊಯ್ಯುತ್ತಿರಲಿಲ್ಲ, ಎಳೆದಾಗ ಕೊಯ್ಯುತ್ತಿತ್ತು. ಉಜ್ಜುಗೊರಡನ್ನೂ ಎದೆಯ ಕಡೆಗೇ ಎಳೆಯಬೇಕು. ಎಳೆದರೆ ಈರುಳ್ಳಿಯ ಸಿಪ್ಪೆಗಿಂತ ತೆಳ್ಳಗಿನ ಮರದ ಹೆರೆ ಉದ್ದಕ್ಕೆ ಸುರುಳಿಯಾಗಿ ಬರುತ್ತಿತ್ತು. "ಊರೆಲ್ಲ ತಳ್ಳಿ ಕೊಯ್ಯೋದನ್ನ ಇವರು ಎಳೆದು ಕೊಯ್ತಾರಂತೆ. ಏನೋ ಮುಚ್ಚಿಡ್ತಿದ್ದಾರೆ ಕಣೇ" ಎಂದರು ಆಂಟಿ. ಗರಗಸ ಎಳೆಯುವುದಕ್ಕೂ ಮುಚ್ಚಿಡುವುದಕ್ಕೂ ಏನು ಸಂಬಂಧ ಎಂದು ನನಗೆ ನಗು ಬಂದಿತ್ತು.

ಹಾಲಿನ ಮೂಲೆಯಲ್ಲಿದ್ದ ಗೊಂಬೆಗಳ ಶೋಕೇಸನ್ನು ಅಂಕಲ್ ಖಾಲಿ ಮಾಡಿಸಿ ಪಡಸಾಲೆಗೆ ಸಾಗಿಸಿದರು. ಟೋಕೊನೊಮ ಬರುವುದು ಆ ಮೂಲೆಗೆ ಎಂದರು. ಅಲ್ಲಿ ದೇವರನ್ನಿಡಬಹುದಾ ಎಂದು ಆಂಟಿ ಕೇಳಿದ್ದಕ್ಕೆ, ಇಲ್ಲ, ಹೆಚ್ಚುಕಡಿಮೆ ಖಾಲಿ ಇರಬೇಕು ಎಂದರು. ಖಾಲಿ ಇಡುವುದಕ್ಕೆ ಇಷ್ಟು ಮರವಾ? ಆಂಟಿಯ ಹುಬ್ಬು ಮೇಲಕ್ಕೆ ಹೋಯಿತು, ಬಹಳ ದಿನ ಕೆಳಗಿಳಿಯಲಿಲ್ಲ.

ಅಂಗಿಯ ವಾಸನೆ ನೋಡಿಸಿದ್ದು ಆ ದಿನಗಳಲ್ಲೇ. ಬ್ರಿಸ್ಬೇನ್‌ನಿಂದ ಬಂದ ಅಂಗಿ ಹೀಗೆ ಘಮಘಮ ಅಂದರೆ ಹೇಗೆ ಎಂಬುದು ಅವರ ಪ್ರಶ್ನೆ. "ಆಂಟಿ, ಇದು ಮರದ ವಾಸನೆ, ಗ್ಯಾರೇಜಿನಲ್ಲೂ ಇದೇ ಇದೆ" ಎಂದೆ. "ಅದಕ್ಕೇ ಹೇಳಿದ್ದು. ಗ್ಯಾರೇಜಿನಲ್ಲೂ ಇದೇ ವಾಸನೆ ಇದ್ರೆ, ಇದರೊಳಗೆ ಇನ್ಯಾವ ವಾಸನೆ ಸೇರ್ಕೊಂಡಿದ್ರೂ ನಮಗೆ ಗೊತ್ತಾಗಲ್ಲ ಅಲ್ವಾ?"

ಇನ್ನೊಬ್ಬಳು ಹೆಂಗಸು ಇದ್ದಾಳೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂಕಲ್ ಫೋನ್ ಹಿಡಿದು ಹಿತ್ತಲಿಗೆ ಹೋದರೆ ಆಂಟಿ ನಲ್ಲಿ ನಿಲ್ಲಿಸುತ್ತಿದ್ದರು. ಕನ್ನಡದವರೆಲ್ಲ ಸೇರಿ ಸ್ವಾನ್ ವ್ಯಾಲಿಗೆ ಊಟಕ್ಕೆ ಹೋದಾಗ ಯಾರೋ ತಮಾಷೆಗೆ "ಅಂಕಲ್‌ಗೆ ಬ್ರಿಸ್ಬೇನ್ ಮೇಲೆ ಲವ್ವು" ಎಂದರು. ಎಲ್ಲರೂ ನಕ್ಕರು. ಆಂಟಿ ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿನ್ನದೆ ಎದ್ದರು.

ಒಂದು ಶನಿವಾರ ಅಂಕಲ್ ಊರಲ್ಲಿರಲಿಲ್ಲ. ಆಂಟಿ ಔಟ್‌ಹೌಸಿನ ಬಾಗಿಲು ಬಡಿದು, "ನೀನು ಅಳೆಯೋಳು ತಾನೇ? ಟೇಪ್ ತಗೊಂಡು ಬಾ" ಎಂದರು.

ಗ್ಯಾರೇಜಿನಲ್ಲಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಆ ಕಂಬ ಅಡ್ಡಡ್ಡ ಮಲಗಿತ್ತು. ಬಿಳಿ ಕಾಗದದಲ್ಲಿ ನೀಟಾಗಿ ಸುತ್ತಿದ್ದರು. "ಇದು ಕಂಬಾನಾ, ಮಂಚದ ಮರಾನಾ, ನನಗೆ ಗೊತ್ತಾಗ್ಬೇಕು" ಎಂದರು ಆಂಟಿ. ಕಾಗದ ಮೆಲ್ಲಗೆ ಸರಿಸಿ ಅಳೆದೆ. ಹಾಲಿಗೆ ಹೋಗಿ ನೆಲದಿಂದ ಸೂರಿನವರೆಗೆ ಅಳೆದೆ. ಕೆಲಸದ ಚಾಳಿಯಂತೆ ಎರಡನ್ನೂ ಮತ್ತೊಮ್ಮೆ ಅಳೆದೆ. ಕಂಬ ಸೂರಿಗಿಂತ ಒಂದು ಮೊಳಕ್ಕೂ ಹೆಚ್ಚು ಎತ್ತರವಿತ್ತು.

"ಆಮೇಲೆ ಕತ್ತರಿಸ್ತಾರೇನೋ ಆಂಟಿ."

"ಎರಡು ತುದೀನೂ ಕೆತ್ತಿ ಮುಗಿಸಿದ್ದಾರೆ ನೋಡು. ಕತ್ತರಿಸೋ ಮರಾನ ಯಾರಾದ್ರೂ ಹೀಗೆ ಸುತ್ತಿಡ್ತಾರಾ?" ಸ್ವಲ್ಪ ಹೊತ್ತು ಅವರು ಆ ಕಂಬದ ಮೇಲೆ ಕೈಯಿಟ್ಟುಕೊಂಡು ನಿಂತರು. "ಇದು ಈ ಮನೆಗಲ್ಲ ಕಣೇ."

ಆ ಹೊತ್ತಿನಿಂದ ನನಗೂ ಅನುಮಾನ ಹತ್ತಿಕೊಂಡಿತು. ನಮ್ಮ ಬೀದಿಯ ಮನೆಗಳೆಲ್ಲ ಇಟ್ಟಿಗೆಯ, ತಗ್ಗು ಸೂರಿನ ಮನೆಗಳು. ಅಷ್ಟು ಎತ್ತರದ ಸೂರು ಇರುವುದು ಹಳೆಯ ಕಾಲದ ಕಲ್ಲಿನ ಮನೆಗಳಲ್ಲಿ. ಅಂಥ ಮನೆಯ ಅಳತೆ ಈ ಮನುಷ್ಯನಿಗೆ ಹೇಗೆ ಇಷ್ಟು ಖಚಿತವಾಗಿ ಗೊತ್ತು? ಆಮೇಲೆ ಅಂಕಲ್ ನನಗೆ ಗುಡ್ ಮಾರ್ನಿಂಗ್ ಹೇಳಿದರೂ ಅದರ ಹಿಂದೆ ಏನೋ ಇದೆ ಅನ್ನಿಸುತ್ತಿತ್ತು. ಒಳ್ಳೆಯವರು ಎಂದುಕೊಂಡಿದ್ದೆನಲ್ಲ...

ಮುಂದಿನ ತಿಂಗಳು ನನಗೆ ಬ್ರಿಸ್ಬೇನ್‌ನಲ್ಲಿ ತರಬೇತಿ ಇತ್ತು. ಆಂಟಿ ಊರು ನೋಡುವ ನೆಪ ಹೇಳಿ ಜೊತೆಗೆ ಹೊರಟರು. ಅಂಕಲ್ "ಹೌದಾ, ಸರಿ, ಹೋಗಿ ಬಾ" ಎಂದು ನಮ್ಮನ್ನು ಏರ್‌ಪೋರ್ಟಿಗೆ ಬಿಟ್ಟರು. ಕಾರಿನಿಂದಿಳಿದ ಮೇಲೆ ಆಂಟಿ ಹೇಳಿದ್ದು: "ಇಷ್ಟು ಬೇಗ ಒಪ್ಕೊಂಡ್ರಲ್ಲ, ಯಾಕೆ?"

ಬಡಗಿಯವರ ಕಾರ್ಖಾನೆ ಊರ ಹೊರವಲಯದಲ್ಲಿ, ಮಾವಿನ ಮರದ ಪಕ್ಕದ ತಗಡಿನ ಶೆಡ್ಡು. ಮುದುಕರು ಬಾಗಿ ನಮಸ್ಕರಿಸಿದರು. ಚಹಾ ತಂದ ಅವರ ಹೆಂಡತಿಯನ್ನು ಆಂಟಿ ಅಡಿಯಿಂದ ಮುಡಿಯವರೆಗೆ ನೋಡಿದರು. ಆಕೆ ಆಂಟಿಗಿಂತ ಹಿರಿಯರು, ಬೆನ್ನು ಬಾಗಿತ್ತು. ಬೇರೆ ಹೆಂಗಸರು ಕಾಣಲಿಲ್ಲ. ಆಂಟಿಗೆ ನಿರಾಸೆಯೇ ಆದಂತಿತ್ತು. ಆಗ ಮುದುಕರು ಸಂತೋಷದಿಂದ, ನಿಮ್ಮವರ ಕೈ ಚೆನ್ನಾಗಿದೆ, ಅವಸರ ಮಾತ್ರ ಜಾಸ್ತಿ, ಈ ಕಡೆ ಬಂದು ಬಹಳ ದಿನವಾಯಿತು, ಅಡಿಲೇಡ್ ಮನೆಯ ಕೆಲಸ ಎಲ್ಲಿಗೆ ಬಂತು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆಂಟಿ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ವೆರಿ ನೈಸ್" ಎಂದರು. "ಆಲ್ಮೋಸ್ಟ್ ಫಿನಿಶ್ಡ್." ಮುಖ ಒಂದಿಷ್ಟೂ ಅಲುಗಲಿಲ್ಲ.

ಟ್ಯಾಕ್ಸಿಯಲ್ಲಿ ಬಹಳ ದೂರ ಬಂದ ಮೇಲೆ ಅವರೇ ಮಾತಾಡಿದರು.

"ಬೇರೆ ಹೆಂಗಸಲ್ಲ ಕಣೇ."

"ಹೇಗೆ ಹೇಳ್ತೀರಿ ಆಂಟಿ?"

"ಅಡಿಲೇಡ್‌ನಲ್ಲಿ ನನ್ನ ಮಗಳಿದ್ದಾಳೆ."

ಇದ್ದಾಳೆ. ನಾನು ಅವರ ಮುಖ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಒಂದೊಂದೇ ಮಾತಾಗಿ ಎಲ್ಲ ಹೊರಬಂತು. ಮಗಳನ್ನು ತಮ್ಮ ಸ್ವಂತ ಅಣ್ಣನ ಮಗನಿಗೆ ಕೊಟ್ಟಿದ್ದರು. ಸಂಬಂಧ ಕುದುರಿಸಿದ್ದು ಆಂಟಿಯೇ. ಹುಡುಗನೂ ಇಲ್ಲಿಗೇ ಬಂದ. ಕೆಲವು ವರ್ಷಗಳ ನಂತರ ಮಗಳು, ನನಗೆ ಈ ಬಾಳು ಬೇಡ ಎಂದು ಎದ್ದು ಹೊರಟಳು. ಕಾರಣ ಕೇಳಿದರೆ, ಹೇಳಿದರೂ ನೀನು ನಂಬಲ್ಲ ಅಂದಳಂತೆ. ಹೇಳದೆಯೇ ಹೋದಳು. ಅಣ್ಣನ ಮನೆಯಲ್ಲಿ ಗಲಾಟೆಯಾಯಿತು. ಆಂಟಿ ಅಣ್ಣನ ಪರ ನಿಂತು, ಇನ್ನು ಅವಳ ಹೊಸಿಲು ತುಳಿಯುವುದಿಲ್ಲ, ಇವರೂ ತುಳಿಯಕೂಡದು ಎಂದರು. ಅಂಕಲ್ ಆಗಲೂ "ಸರಿ" ಎಂದಿದ್ದರು.

ಮರುವಾರದ ಭಾನುವಾರ, ಎಂದಿನಂತೆ ನಾನು ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಆಂಟಿ ಸಾರು ಬಡಿಸುತ್ತ ಕೇಳಿದರು. "ಅವಳ ಮನೆ ಸೂರು ಎಷ್ಟು ಎತ್ತರ ಇದೆ?"

ಅಂಕಲ್ ಕೈ ತಟ್ಟೆಯಲ್ಲಿ ನಿಂತಿತು. ನಾನು ಏಳಲು ನೋಡಿದೆ. ಆಂಟಿ ನನ್ನ ಭುಜ ಒತ್ತಿ ಕೂರಿಸಿದರು.

"ಬ್ರಿಸ್ಬೇನ್ ಅಂತ ಹೇಳಿ ಅಡಿಲೇಡ್‌ಗೆ ಹೋಗೋದು ಎಷ್ಟು ದಿನದಿಂದ ನಡೀತಿದೆ?"

"ಅವಳು ಆ ಮನೆ ತಗೊಂಡಾಗಿಂದ" ಎಂದರು ಅಂಕಲ್. "ಬೆಂಕಿಗೂಡಿನ ಪಕ್ಕ ಒಂದು ಖಾಲಿ ಜಾಗ ಇತ್ತು. ಅದಕ್ಕೊಂದು ಹಳೇ ಬೆಡ್‌ಶೀಟ್ ಇಳಿಬಿಟ್ಟಿದ್ಲು. ಯಾಕಮ್ಮಾ ಅಂದ್ರೆ, ಅಲ್ಲಿ ಏನಿಡ್ಬೇಕು ಅಂತ ಗೊತ್ತಾಗ್ತಿಲ್ಲ ಅಪ್ಪ ಅಂದ್ಲು. ಮೊದಲು ಇಲ್ಲಿಗೇ ಮಾಡ್ಬೇಕು ಅಂದ್ಕೊಂಡಿದ್ದೆ. ಆಮೇಲೆ ಅಲ್ಲಿಗೆ ಅನ್ನಿಸ್ತು."

"ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಬೇಡ ಅಂದ್ಮೇಲೆ ಹೋಗೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಅದಕ್ಕೆ..."

ಆಂಟಿ ಸಾರಿನ ಪಾತ್ರೆ ಕೆಳಗಿಟ್ಟರು. "ಬೇರೆ ಹೆಂಗಸಾಗಿದ್ರೆ ವಾಸಿ ಇತ್ತು ರೀ" ಎಂದರು. "ಬಾಯಿಗೆ ಬಂದಿದ್ದು ಬೈದುಬಿಡ್ತಿದ್ದೆ."

ಆ ಚಳಿಗಾಲ ಪೂರ್ತಿ ಮನೆಯಲ್ಲಿ ಮಾತಿಲ್ಲ. ಗ್ಯಾರೇಜಿನಲ್ಲಿ ಗರಗಸದ ಸದ್ದು ಮಾತ್ರ ನಿಲ್ಲಲಿಲ್ಲ. ಈಗ ಮುಚ್ಚಿಡುವುದೇನೂ ಉಳಿದಿರಲಿಲ್ಲವಲ್ಲ, ಅಂಕಲ್ ಬಾಗಿಲು ತೆರೆದಿಟ್ಟೇ ಕೆಲಸ ಮಾಡುತ್ತಿದ್ದರು. ಆಂಟಿಯ ಅನುಮಾನ ಹೊಸ ದಾರಿ ಹಿಡಿಯಿತು. ಮಗಳೇ ಅಪ್ಪನ ತಲೆ ಕೆಡಿಸಿದ್ದಾಳೆ, ಇವರನ್ನು ಪೂರ್ತಿ ಅಲ್ಲಿಗೆ ಎಳೆದುಕೊಳ್ಳುವ ಯೋಚನೆ ಇದೆ, ಒಂದು ದಿನ ಎದ್ದು ನೋಡಿದರೆ ಗ್ಯಾರೇಜೂ ಖಾಲಿ, ಇವರೂ ಇಲ್ಲ... ಅಂಕಲ್ ವಾಕಿಂಗ್ ಹೋದಾಗ ಆಂಟಿ ಒಳಗೆ ಹೋಗಿ ಒಂದೊಂದೇ ಮರ ಮುಟ್ಟಿ ನೋಡುತ್ತಿದ್ದುದನ್ನು ನಾನು ಹಿತ್ತಲಿನಿಂದ ಕಂಡಿದ್ದೇನೆ. ಒಮ್ಮೆ ಹೆರೆಯ ಸುರುಳಿಯೊಂದನ್ನು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದರು.

ಕೊನೆಗೆ ಮರವೆಲ್ಲ ಲಾರಿಯಲ್ಲಿ ಅಡಿಲೇಡ್‌ಗೆ ಹೋಯಿತು. ಜೋಡಿಸಲು ಅಂಕಲ್ ಹಿಂದೆಯೇ ಹೋದರು. ನಾಲ್ಕು ದಿನ ಕಳೆದಿರಬೇಕು, ಆಂಟಿ ನನ್ನ ಬಾಗಿಲಿಗೆ ಬಂದರು.

"ಶುಕ್ರವಾರ ರಜೆ ಹಾಕು. ಅಡಿಲೇಡ್‌ಗೆ ಹೋಗ್ಬೇಕು."

ನಾನು ಕಣ್ಣರಳಿಸಿ ಅವರನ್ನೇ ನೋಡಿದೆ.

"ಹಾಗೆ ನೋಡ್ಬೇಡ. ನನಗೆ ನಂಬಿಕೆ ಇಲ್ಲ. ನಿಜವಾಗ್ಲೂ ಅದನ್ನ ಕಟ್ತಿದ್ದಾರೋ, ಇಲ್ಲ ಇನ್ನೇನಾದ್ರೂ ನಡೀತಿದೆಯೋ, ಕಣ್ಣಾರೆ ನೋಡಿ ಬರ್ಬೇಕು. ಸಾಕ್ಷಿಗೆ ನೀನಿರು."

ಅವರ ಚೀಲದಲ್ಲಿ ಒಂದು ದೊಡ್ಡ ಡಬ್ಬಿಯ ತುಂಬ ಕೋಡುಬಳೆ ಇತ್ತು. ದಾರಿಗೆ ಎಂದರು. ಮೂರು ಗಂಟೆಯ ವಿಮಾನದಲ್ಲಿ ಆ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ.

ಬಾಗಿಲು ತೆರೆದದ್ದು ಮಗಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಹಣೆಯ ಹತ್ತಿರ ಕೂದಲು ನರೆತಿತ್ತು. ಆಂಟಿ ಅವಳ ಮುಖ ನೋಡದೆ, ಚಪ್ಪಲಿ ಬಿಟ್ಟು, ಹೊಸಿಲು ದಾಟಿ ನೇರವಾಗಿ ಒಳಗೆ ನಡೆದರು. ನಾನು ಹಿಂದೆಯೇ ಹೋದೆ. ಕೋಣೆಯಲ್ಲಿ ಅಂಕಲ್ ಮಂಡಿಯೂರಿ ಕೂತು ಮುಂಭಾಗದ ಅಡ್ಡಪಟ್ಟಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು. ಕತ್ತೆತ್ತಿ ನೋಡಿದವರು ಸುತ್ತಿಗೆ ಹಿಡಿದ ಹಾಗೆಯೇ ಕೂತರು.

ಆ ಕಂಬ ಅಲ್ಲಿ ನಿಂತಿತ್ತು. ನೆಲದಿಂದ ಸೂರಿಗೆ, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲದೆ. ಆಂಟಿ ಅದರ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು, ಅಡ್ಡಪಟ್ಟಿ ಬಂದು ಸೇರುವ ಸಂದಿಗೆ ಉಗುರು ಹಾಕಿ ನೋಡಿದರು. ಉಗುರು ಹೋಗಲಿಲ್ಲ. ಬಾಗಿ ಕೆಳಗೆ ನೋಡಿದರು, ಹಿಂದೆ ಕೈ ಹಾಕಿ ತಡವಿದರು.

"ಮೊಳೆ ಹೊಡೆದಿಲ್ಲ ಅಂತಾರೆ. ನಿಜಾನಾ?"

ಕೇಳಿದ್ದು ಗಂಡನನ್ನಲ್ಲ. ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಅದು ತಿಳಿಯಲು ಒಂದು ಕ್ಷಣ ಬೇಕಾಯಿತು.

"ನೋ ನೇಲ್ಸ್, ಅಮ್ಮ" ಎಂದಳು. "ಒಂದೂ ಇಲ್ಲ. ಯೂ ಕ್ಯಾನ್ ಚೆಕ್."

"ಚೆಕ್ ಮಾಡ್ತೀನಿ" ಎಂದ ಆಂಟಿ ತಮ್ಮ ಭಾರದ ಕೈಚೀಲವನ್ನು ಭುಜದಿಂದಿಳಿಸಿ, ಈಗಷ್ಟೇ ಉಜ್ಜಿ ಮುಗಿಸಿದ ಆ ಹಾಸಿನ ಮೇಲೆ ಇಟ್ಟುಬಿಟ್ಟರು. ಅಂಕಲ್ ಮುಖ ಹಿಂಡಿದಂತಾಯಿತು. ಮಗಳು ಅದನ್ನು ನೋಡಿ ನಕ್ಕಳು. ನಗುತ್ತಲೇ ಗೋಡೆಗೆ ಒರಗಿ ಅತ್ತಳು. ಆಂಟಿ ಅವಳ ಕಡೆ ತಿರುಗಲಿಲ್ಲ, ಮರದ ಸಂದುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಲೇ ಇದ್ದರು. ಬಹಳ ಹೊತ್ತಾದ ಮೇಲೆ, "ಕಾಫಿಗೆ ಡಿಕಾಕ್ಷನ್ ಹೊಸದಾ, ನಿನ್ನೇದಾ?" ಎಂದು ಕೇಳಿದರು.

ಕ್ಷಮೆ, ತಪ್ಪು, ಅಂಥ ಮಾತು ಅವರಿಬ್ಬರ ನಡುವೆ ನನಗೆ ತಿಳಿದಂತೆ ಎಂದೂ ಬರಲಿಲ್ಲ. ಆಂಟಿ ದಿನಾ ಬೆಳಗ್ಗೆ ಮಗಳಿಗೆ ಫೋನ್ ಮಾಡಲು ಶುರು ಮಾಡಿದರು, ಪ್ರತಿ ಸಲವೂ ಒಂದು ಅನುಮಾನದೊಂದಿಗೆ. ಹಿಂದಿನ ಬಾಗಿಲು ನಿಜವಾಗಿಯೂ ಹಾಕಿದ್ದೀಯಾ, ತಿಂಡಿ ತಿಂದೆ ಅಂತ ಸುಳ್ಳು ಹೇಳ್ತಿದ್ದೀಯಾ. ಅಣ್ಣನ ಮನೆಯವರು ಸುದ್ದಿ ತಿಳಿದು ಫೋನ್ ನಿಲ್ಲಿಸಿದರು. ಆಂಟಿ ಅದರ ಬಗ್ಗೆ ನನ್ನ ಹತ್ತಿರ ಒಂದೇ ಸಲ ಮಾತಾಡಿದ್ದು. "ಏನಾಗಿತ್ತು ಅಂತ ಅವಳು ಈಗ ಹೇಳಿದ್ಲು ಕಣೇ. ನಂಬಿದೆ" ಎಂದರು. ಏನೆಂದು ನಾನು ಕೇಳಲಿಲ್ಲ.

ಕೆಲವು ವರ್ಷಗಳಾದ ಮೇಲೆ ಆಂಟಿಯ ಕಿಡ್ನಿ ಕೆಟ್ಟಿತು. ಆಸ್ಪತ್ರೆಯಲ್ಲಿ ಪ್ರತಿ ಮಾತ್ರೆಯ ಹೆಸರನ್ನೂ ಓದಿಸಿ ಕೇಳಿಯೇ ನುಂಗುತ್ತಿದ್ದರು. ಮಗಳು ಅಡಿಲೇಡ್‌ನಿಂದ ಬಂದು ಹಾಸಿಗೆಯ ಪಕ್ಕದಲ್ಲೇ ಉಳಿದಳು. ನಾನು ಕೊನೆಯ ಸಲ ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದು, "ಇವಳಿಗೆ ನಿಜವಾಗ್ಲೂ ರಜೆ ಕೊಟ್ಟಿದ್ದಾರಾ, ಇಲ್ಲ ನನಗೋಸ್ಕರ ಕೆಲಸ ಬಿಟ್ಟು ಬಂದಿದ್ದಾಳಾ? ವಿಚಾರಿಸಿ ಹೇಳು" ಎಂದು ಪಿಸುಗುಟ್ಟಿದರು. ವಿಚಾರಿಸಿದೆ. ರಜೆಯೇ ಆಗಿತ್ತು. ಹೇಳಲು ಹೋಗುವಷ್ಟರಲ್ಲಿ ಆಂಟಿ ಇರಲಿಲ್ಲ.

ಅಂಕಲ್ ಈಗ ಮಗಳ ಜೊತೆ ಇದ್ದಾರೆ. ಕ್ಯಾನಿಂಗ್ಟನ್ ಮನೆ ಮಾರಿದರು, ನಾನು ನದಿಯ ಆಚೆ ಒಂದು ಅಪಾರ್ಟ್‌ಮೆಂಟಿಗೆ ಬಂದೆ. ನಾನು ಎಷ್ಟು ಹೊತ್ತಿಗೆ ಬಂದರೂ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಅಂಗಡಿಯಿಂದ ಹೊರಬಂದವಳು ನದಿಯ ದಡದ ಬೆಂಚಿನ ಮೇಲೆ ಕೂತು ಅಂಕಲ್‌ಗೆ ಫೋನ್ ಮಾಡಿದೆ. ಬಹಳ ತಿಂಗಳಾಗಿತ್ತು. ದನಿ ಸಣ್ಣದಾಗಿತ್ತು, ಆದರೆ ಗುರುತು ಹಿಡಿದರು. ಸುಮ್ಮನೆ ನೆನಪಾಯಿತು ಅಂಕಲ್ ಎಂದೆ. "ಹೌದಾ, ಸರಿ" ಎಂದಾರು ಎಂದುಕೊಂಡಿದ್ದೆ.

"ಎಲ್ಲಿದ್ದೀಯ ನೀನು? ಗಾಳಿ ಸದ್ದು ಕೇಳ್ತಿದೆ" ಎಂದರು. "ಒಬ್ಬಳೇ ಇದ್ದೀಯಾ? ಈ ಹೊತ್ತಲ್ಲಿ ಆಫೀಸ್ ಇಲ್ವಾ? ಏನೂ ಇಲ್ಲದೆ ಫೋನ್ ಮಾಡಲ್ಲ ನೀನು. ಏನಾಗಿದೆ, ನಿಜ ಹೇಳು."

ನೀವು ಯಾವತ್ತೂ ಇಷ್ಟೊಂದು ಪ್ರಶ್ನೆ ಕೇಳಿದವರಲ್ಲವಲ್ಲ ಅಂಕಲ್ ಎಂದೆ.

"ಅವಳಿಲ್ಲ ನೋಡು" ಎಂದರು ಅಂಕಲ್. "ಯಾರಾದ್ರೂ ಕೇಳ್ಬೇಕಲ್ಲ."